ಹೊತ್ತು ಬಲ್ಲ ಗಿಡ

ತಂಗಿಗೆ ಜಗಳಗಂಟಿ ಅಕ್ಕನ ಆಶೀರ್ವಾದ. ನಾನು ಕ್ಷೇಮ. ಮಂಡಿನೋವು ಮಾತ್ರ ಕಡಲು ದಾಟಿ ಈ ಪರದೇಶಕ್ಕೂ ಬೆನ್ನಟ್ಟಿ ಬಂದಿದೆ.

ಮೊಮ್ಮಗಳು ಗಿಡಗಳನ್ನು ಪರೀಕ್ಷಿಸುವ ತನ್ನ ಕೆಲಸದ ಕೋಣೆ ತೋರಿಸಿದಳು. ಕಿಟಕಿಯಿಲ್ಲ, ದೀಪ ಆರಿಸುವುದೇ ಇಲ್ಲ. ಆದರೂ ಅಲ್ಲಿನ ಕುಂಡದ ಗಿಡಗಳು ಸಂಜೆಗೆ ಎಲೆ ಮುದುಡಿ ಬೆಳಗ್ಗೆ ಬಿಚ್ಚುತ್ತವೆ.

“ಇವಕ್ಕೆ ಹೊತ್ತು ಹೇಳೋರು ಯಾರೇ?” ಎಂದೆ.

“ಒಳಗೇ ಗಡಿಯಾರ ಇದೆ ಅಜ್ಜಿ. ಎಲೆಯ ಕಣಕಣದಲ್ಲೂ ಪುಟ್ಟ ಉಂಡೆಗಳಿಗೆ ಸುತ್ತಿದ ದಾರ ಇರುತ್ತೆ. ಗಿಡ ಏನೇನು ಮಾಡ್ಬೇಕು ಅನ್ನೋದು ಅದರಲ್ಲೇ ಬರೆದಿರುತ್ತೆ. ಬೆಳಗಿನ ಕೆಲಸ ಬರೆದಿರೋ ಕಡೆ ಗಡಿಯಾರ ಬೆಳಗ್ಗೆ ದಾರ ಸಡಿಲಿಸುತ್ತೆ, ಆಗ ಓದೋಕೆ ಸಿಗುತ್ತೆ. ಸಂಜೆಗೆ ಮತ್ತೆ ಬಿಗಿಯುತ್ತೆ.”

ಅಮ್ಮ ನೆನಪಾದಳು ಕಣೇ. ಅವತ್ತಿನ ಹೊಲಿಗೆಗೆ ಬೇಕಾದಷ್ಟೇ ನೂಲು ಬಿಚ್ಚಿ, ಸಂಜೆಗೆ ಬಿಗಿಯಾಗಿ ಸುತ್ತಿಟ್ಟು, ನಾವು ಮುಟ್ಟಿದರೆ ಕೈಮೇಲೆ ಬಾರಿಸುತ್ತಿದ್ದಳಲ್ಲ!

ನನಗೂ ಇಲ್ಲಿ ಊರಿನ ಹೊತ್ತಿಗೇ ಎಚ್ಚರವಾಗುತ್ತಿತ್ತು. ಇವರೆಲ್ಲ ಗೊರಕೆ ಹೊಡೆಯುವಾಗ, ಈಗ ನೀನು ಹಾಲು ಕರೆಯುತ್ತಿದ್ದೀಯ ಎಂದು ಮಲಗಿದಲ್ಲೇ ತಿಳಿಯುತ್ತಿತ್ತು.

“ಇಲ್ಲೇ ಇದ್ದುಬಿಡು ಅಜ್ಜಿ. ಗಿಡಾನೂ ಹೊಸ ಬೆಳಕಿಗೆ ಒಗ್ಗುತ್ತೆ, ನೀನೂ ಒಗ್ತೀಯ” ಎನ್ನುತ್ತಾಳೆ ಇವಳು.

“ನಾನೇನು ನಿನ್ನ ಕುಂಡದಲ್ಲಿ ಬೇರು ಬಿಟ್ಟಿದೀನೇನೇ?” ಎಂದು ಗದರಿದ್ದೆ.

ಆದರೆ ಇವತ್ತು ಇಲ್ಲಿಯವರ ಹಾಗೆಯೇ ಬಿಸಿಲೇರುವವರೆಗೆ ಮಲಗಿಬಿಟ್ಟೆ. ನೀನು ಹಾಲು ಕರೆಯುವ ಹೊತ್ತು ಬಂದು ಹೋದದ್ದೇ ತಿಳಿಯಲಿಲ್ಲ. ಎದ್ದವಳೇ ಊರಿಗೆ ಟಿಕೆಟ್ ತೆಗೆಸಿದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು. ನನ್ನ ಹಾಸಿಗೆ ಬಿಸಿಲಿಗೆ ಹಾಕಿಡು.

ನಿನ್ನ ಅಕ್ಕ