ಹೊಟ್ಟೆ ತಣ್ಣಗಿರಲಿ

ನವೆಂಬರ್ ೧೨, ಗುರುವಾರ

ನಮ್ಮ ಕಂಪನಿಯ ಹೊಸ ಆಟದ ಯಂತ್ರಕ್ಕೆ ಪರದೆ ದೊಡ್ಡದು, ಚಿಪ್ ಚುರುಕು, ಫ್ಯಾನಿನ ಸದ್ದೇ ಇಲ್ಲ. ಎಷ್ಟು ಹೊತ್ತು ಆಡಿದರೂ ಅಂಗೈಗೆ ಬಿಸಿ ತಾಗದಂತೆ ಒಳಗೊಂದು ಪದರ ಹಾಕಿದ್ದಾರೆ. ಆ ಬಿಸಿ ಮತ್ತೆಲ್ಲಿಗೆ ಹೋಗುತ್ತದೆ ಎಂದು ಪರೀಕ್ಷಾ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ.

ಮಧ್ಯಾಹ್ನ ಅಂಥದೊಂದು ಯಂತ್ರದ ಬೆನ್ನು ಬಿಚ್ಚಿದೆ. ಹೊರಗೆ ತಣ್ಣಗಿತ್ತು. ಒಳಗೆ ಬ್ಯಾಟರಿ ದಿಂಬಿನಂತೆ ಉಬ್ಬಿ, ಅಂಚು ಕಪ್ಪಾಗಿತ್ತು. ಮ್ಯಾನೇಜರ್ ಮುಟ್ಟಿ ನೋಡಿ, "ಕೈ ಸುಡ್ತಿಲ್ವಲ್ಲ, ಇನ್ನೇನ್ರೀ ನಿಮ್ದು?" ಎಂದರು. ಹಳೆಯ ಯಂತ್ರ ಬಿಸಿಯಾದರೆ ಕಿರುಚುತ್ತಿತ್ತು, ಮಕ್ಕಳು ಕೈಬಿಡುತ್ತಿದ್ದರು. ಇದು ಹೊಟ್ಟೆಯಲ್ಲಿ ಉರಿ ಇಟ್ಟುಕೊಂಡು ಬಾಯಲ್ಲಿ ನಗುವ ನೆಂಟರ ಹಾಗೆ.

ಕಂಪನಿ ನನಗೆ ಕೊಟ್ಟಿದ್ದ ಒಂದನ್ನು ಮಗಳು ಅಜ್ಜಿಮನೆಗೆ ಒಯ್ದಿದ್ದಾಳೆಂದು ರಾತ್ರಿ ಮನೆಗೆ ಬಂದಮೇಲೇ ಗೊತ್ತಾಯಿತು. ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ.

"ದಿಂಬಿನಡಿ ಇಟ್ಕೊಂಡು ಈಗಷ್ಟೇ ಮಲಗಿದ್ಳು ಕಣೆ. ಚಾರ್ಜಿಗೂ ಹಾಕಿದೀನಿ."

"ಅದನ್ನ ತೆಗೆದು ಹೊರಗಿಡಮ್ಮಾ, ಈಗ್ಲೇ!"

"ಮುಟ್ಟಿ ನೋಡ್ದೆ, ತಣ್ಣಗಿದೆ. ಮಗು ಎದ್ದುಬಿಡುತ್ತೆ, ಬೆಳಿಗ್ಗೆ ತೆಗೀತೀನಿ. ನಿನ್ ಹೊಟ್ಟೆ ತಣ್ಣಗಿರ್ಲಿ, ನೀನೂ ಮಲಗು."

ಫೋನ್ ಇಟ್ಟೇಬಿಟ್ಟಳು. ನಮ್ಮನೆಯವರು ಆಗಲೇ ಕಾರು ತೆಗೆದುಕೊಂಡು ಅಲ್ಲಿಗೆ ಓಡಿದ್ದಾರೆ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಸ್ಪೀಕರಿಗೆ ಹಾಕಿದ ಫೋನಿನಲ್ಲಿ ಅತ್ತ ರಿಂಗಾಗುವುದು ಕೇಳುತ್ತಲೇ ಇದೆ, ಅಮ್ಮ ಎತ್ತುತ್ತಿಲ್ಲ. ಫೋನಿನ ಸದ್ದು ನಿಲ್ಲಿಸಿ ಮಲಗುವುದು ಅವಳ ರೂಢಿ. ರೂಢಿಯೇ ಇರಬೇಕು.

ಹೊಟ್ಟೆ ತಣ್ಣಗಿರಲಿ ಎಂದಳಲ್ಲ. ದೇವರೇ, ಆ ಯಂತ್ರದ ಹೊಟ್ಟೆ ತಣ್ಣಗಿರಲಿ.