ವೆನಿಸ್ಸಿನಲ್ಲಿ ಉಳಿಯಲಿಲ್ಲ

ಪಾದುವಾ, ಇಟಲಿ
12-6-1984

ತಮ್ಮ ಚಿಕ್ಕಬೈರಪ್ಪನಿಗೆ ಅಕ್ಕನ ಆಶೀರ್ವಾದ.

ಗ್ರೀಸಿಗೆ ಹೋಗುವ ನಮ್ಮ ಪ್ರವಾಸದ ಹಡಗು ಶುಕ್ರವಾರ ವೆನಿಸ್ಸಿನಿಂದ ಹೊರಡುತ್ತದೆ. ಅಲ್ಲಿಯವರೆಗೆ ವೆನಿಸ್ಸಿನಲ್ಲೇ ಇರೋಣವೆಂದು ಅಳಿಯಂದಿರ ಹಟ. ಸಾವಿರ ವರ್ಷದ ಊರಂತೆ. ಬೀದಿ ಇರಬೇಕಾದ ಕಡೆಯೆಲ್ಲ ನೀರು, ಬಸ್ಸಿನ ಬದಲು ದೋಣಿ. ಹೋಟೆಲಿನವನು ನಗುನಗುತ್ತಾ ಮೇಲಿನ ಕೋಣೆಗಳನ್ನೇ ತೋರಿಸಿದ. ಮನೆಯ ಕೆಳಭಾಗ ತೋರಿಸದವನನ್ನು ನಾನು ನಂಬುವವಳಲ್ಲ. ಇಳಿದು ಹೋಗಿ ಬಾಗಿಲು ತೆಗೆಸಿದೆ. ಒಳಗೆ ಒಂದು ಕುರ್ಚಿಯೂ ಇಲ್ಲ, ಗೋಡೆಯಲ್ಲಿ ನನ್ನ ಸೊಂಟದೆತ್ತರಕ್ಕೆ ಪಾಚಿಯ ಗೆರೆ.

“ನೀರು ಚಳಿಗಾಲದಲ್ಲಿ ಮಾತ್ರ ಬರುತ್ತಂತೆ ಅತ್ತೆ, ಈಗ ಜೂನು” ಎಂದರು ಅಳಿಯಂದಿರು.

“ನೀರಿಗೆ ಕ್ಯಾಲೆಂಡರ್ ಯಾರು ಕೊಟ್ಟವ್ರೆ?” ಎಂದೆ.

ಅರ್ಧ ಗಂಟೆ ರೈಲಿನಲ್ಲಿ ಬಂದು ಪಾದುವಾದಲ್ಲಿ ಇಳಿದುಕೊಂಡಿದ್ದೇವೆ. ಇದೂ ಹಳೆಯ ಊರೇ, ಆದರೆ ನೆಲ ಗಟ್ಟಿ. ಅಳಿಯಂದಿರು ನಿನ್ನೆಯಿಂದ ಮಾತಾಡುತ್ತಿಲ್ಲ, ಮಗಳೂ ಅವರ ಕಡೆಯೇ. ಇರಲಿ. ನನ್ನ ಮಂಡಿನೋವು ವಾಸಿ. ಇಲ್ಲಿಯ ಬ್ರೆಡ್ಡು ಕಲ್ಲು, ತಂದ ಹುರಿಹಿಟ್ಟಿನಲ್ಲೇ ಕಾಲ ಹಾಕುತ್ತಿದ್ದೇನೆ.

ಉತ್ತರಹಳ್ಳಿಯಲ್ಲಿ ಕೆರೆಯಂಚಿನ ಸೈಟು ತೋರಿಸಿದ ಬ್ರೋಕರನೂ “ಮಳೆಗಾಲದಲ್ಲಿ ಸ್ವಲ್ಪ ನೀರು, ಅಷ್ಟೇ” ಎಂದನಲ್ಲವೇ? ಆಷಾಢಕ್ಕೆ ಮೊದಲು ರಿಜಿಸ್ಟರ್ ಮಾಡಿಸಬೇಕೆಂದು ಅವನಿಗೇಕೆ ಅಷ್ಟು ಅವಸರ? ಅಪ್ಪನ ಹೊಲ ಮಾರಿದ ಹಣ ಅದು, ಇನ್ನೊಂದು ಹೊಲ ನಮಗಿಲ್ಲ. ಈ ಕಾರ್ಡು ಸಿಕ್ಕ ದಿನವೇ ಬ್ರೋಕರನಿಗೆ ಹೇಳದೆ ಅಲ್ಲಿಗೆ ಹೋಗು. ಪಕ್ಕದಲ್ಲಿ ಆಗಲೇ ಕಟ್ಟಿರುವ ಮನೆಯ ಗೋಡೆಯನ್ನು ಬುಡದಲ್ಲಿ ಮುಟ್ಟಿ ನೋಡು. ಅಂಗೈ ತಣ್ಣಗಾದರೆ ರುಜು ಹಾಕಬೇಡ.

ಕಾರ್ಡಿನಲ್ಲಿ ಇನ್ನು ಜಾಗವಿಲ್ಲ.
ಲಕ್ಷ್ಮಿದೇವಮ್ಮ