ಮೂವತ್ತೇಳು ಬಾಕ್ಸು, ಒಂದು ದಿವಾನ

ಭಾನುವಾರ, ಫೆಬ್ರುವರಿ 9

ಎದ್ದ ಕೂಡಲೇ ರಿಮೋಟಿನಲ್ಲಿ ಮತ್ತೆ ನೂರಾ ಹದಿನೇಳು, ತೆನೆ ಟೀವಿ, ಒತ್ತಿದೆ. ಅದೇ ನೀಲಿ ಪರದೆ, ಅದೇ ಬಿಳಿ ಅಕ್ಷರ: 'ಚಾನಲ್‌ನವರು ಅನ್ಯಾಯದ ದರ ಕೇಳುತ್ತಿರುವುದರಿಂದ ಗ್ರಾಹಕರ ಹಿತಕ್ಕಾಗಿ ಪ್ರಸಾರ ನಿಲ್ಲಿಸಲಾಗಿದೆ.' ಹನ್ನೊಂದು ದಿನದಿಂದ ನನ್ನ ಹಿತ ಕಾಯುತ್ತಿದ್ದಾರೆ. ಚಾನಲ್‌ನವರೂ ಸುಮ್ಮನಿಲ್ಲ. ಕೇಬಲ್ ಕಂಪನಿಯೇ ಗ್ರಾಹಕರಿಗೆ ಮೋಸ ಮಾಡುತ್ತಿದೆ ಎಂದು ಪೇಪರಿನಲ್ಲಿ ಅರ್ಧ ಪುಟ. ನನ್ನ ಪರವಾಗಿ ಇಷ್ಟು ದೊಡ್ಡವರು ಹಿಂದೆಂದೂ ಜಗಳಾಡಿರಲಿಲ್ಲ. ತೆರೆಯ ಮೇಲೆ ನೀಲಿ, ಜೇಬು ಮಾತ್ರ ಖಾಲಿ.

ಹತ್ತಕ್ಕೆ ಸಮದ್ ಬಂದ. ಅಬ್ದುಲಸಮದ — ಅಥಣಿ ರಸ್ತೆಯ ಈ ಲೇಔಟಿಗೆಲ್ಲ ಕೇಬಲ್ ಅವನದೇ. ಬಿಲ್ಲು ಮುನ್ನೂರಿಪ್ಪತ್ತು ಇದ್ದದ್ದು ಮುನ್ನೂರೆಂಬತ್ತು.

"ಚಾನಲ್ ಕಡಿಮಿ ಆದ್ವು, ರೊಕ್ಕ ಹೆಚ್ಚಾತಲ್ಲೋ ಸಮದ್."

"ಮ್ಯಾಲಿಂದ ರೇಟ್ ಬಂದೈತ್ರಿ ಸರ. ದೊಡ್ಡವರು ಕುಸ್ತಿ ಹಿಡದಾರ, ಮನಿ ಮನಿಗೆ ಬೈಗುಳ ತಿನ್ನಾಕ ನಾ ಅದೇನಿ."

ಹೆಂಡತಿ ವಿಶಾಖಾ ಚಹ ತಂದಿಟ್ಟು ಕೇಳಿದಳು. "ತೆನೆ ಟೀವಿ ಈ ತಿಂಗಳದಾಗ ಬರತೈತೇನೋ ಅಣ್ಣಾ?"

"ಅಲ್ಲಾನ್ನ ಕೇಳಬೇಕ ನೋಡ್ರಿ ಅಕ್ಕಾ. ಕಸ್ಟಮರ್ ಕೇರ್‌ಗೆ ಅಂತೂ ಗೊತ್ತಿಲ್ಲ."

ಆಕೆ ಕೇಳಿದ್ದಕ್ಕೆ ಕಾರಣ ಇದೆ. ರೊಟ್ಟಿ ಬಡಿಯುತ್ತ ಗುನುಗಿದ್ದನ್ನು ಮಗಳು ಆಮ್ರಪಾಲಿ ಧಾರವಾಡದ ಹಾಸ್ಟೆಲಿಗೆ ಹೊರಡುವ ಮುಂಚೆ ಫೋನಿನಲ್ಲಿ ಹಿಡಿದು ತೆನೆ ಟೀವಿಯವರಿಗೆ ಕಳಿಸಿಬಿಟ್ಟಿದ್ದಳು. ಕರೆ ಬಂತು. ಜನವರಿಯಲ್ಲಿ ವಿಶಾಖಾ ಹುಬ್ಬಳ್ಳಿಗೆ ಹೋಗಿ 'ಪಡಸಾಲಿ ಪದ' ಕಾರ್ಯಕ್ರಮಕ್ಕೆ ಹಾಡಿ ಬಂದಳು. ಬಬಲೇಶ್ವರದ ಆಫೀಸಿನಲ್ಲಿ ನನಗೆ ಆಡಿಟ್. ಆಕೆಯ ಅಣ್ಣ ಕರೆದುಕೊಂಡು ಹೋದ. ಯಾವ ವಾರ ಹಾಕುತ್ತಾರೋ ಫೋನ್ ಮಾಡಿ ಹೇಳುತ್ತಾರಂತೆ. ಒಂದೇ ಸಲ. ಮರುಪ್ರಸಾರ ಇಲ್ಲ, ಮೊಬೈಲಿಗೂ ಹಾಕುವುದಿಲ್ಲ.

ಹೆಂಡತಿ ಟೀವಿಯಲ್ಲಿ, ಟೀವಿ ಕತ್ತಲಲ್ಲಿ. ಬಿಡುವವನಲ್ಲ ನಾನು.

ಗುರುವಾರ, 13

ಕಸ್ಟಮರ್ ಕೇರ್. ಕನ್ನಡಕ್ಕಾಗಿ ಎರಡು ಒತ್ತಿದೆ, ದೂರಿಗಾಗಿ ನಾಲ್ಕು ಒತ್ತಿದೆ, ಹದಿನಾರು ನಿಮಿಷ ಪಿಟೀಲು ಕೇಳಿದೆ. ಕೊನೆಗೆ ಒಬ್ಬ ಹುಡುಗಿ. "ನಿಮ್ಮ ಅನುಭವವನ್ನು ಒಂದರಿಂದ ಐದರೊಳಗೆ ಅಳೆಯಿರಿ ಸರ್." ಸೊನ್ನೆ ಇಲ್ಲವೇನಮ್ಮ ಅಂದೆ. ಸೊನ್ನೆ ಇಲ್ಲವಂತೆ.

ಭಾನುವಾರ, 16

ಲೇಔಟಿನ ಗಾರ್ಡನ್ ಜಾಗದಲ್ಲಿ ಮೀಟಿಂಗ್. ಗಾರ್ಡನ್ ಅಂದರೆ ಜಾಲಿಕಂಟಿ ಮತ್ತು ಎರಡು ಸಿಮೆಂಟ್ ಬೆಂಚು. ಮೂವತ್ತೇಳು ಮನೆಯವರು ಬಂದಿದ್ದರು. ನಾನೇ ಬರೆದ ಘೋಷಣೆ ಓದಿದೆ — 'ಚಾನಲ್ ಬಂದ್, ಚಂದಾ ಬಂದ್.' ಚಪ್ಪಾಳೆ. ನಿವೃತ್ತಿ ಸಮಾರಂಭಗಳಿಗೆ ಪದ್ಯ ಬರೆದುಕೊಟ್ಟಾಗ ಇಷ್ಟು ಸದ್ದು ಬಂದಿರಲಿಲ್ಲ.

ಯಾರೂ ಬಿಲ್ಲು ಕಟ್ಟಬಾರದು. ಆದರೆ ಕದ್ದು ಕಟ್ಟಿದರೆ? ಕಿರಾಣಿ ಅಂಗಡಿಯ ಶಿವಶರಣಪ್ಪ ಎದ್ದು, "ಎಲ್ಲಾರೂ ಆಣಿ ಮಾಡೂಣ್ರಿ" ಅಂದ. ಯಾವ ದೇವರ ಮೇಲೆ ಅನ್ನುವುದಕ್ಕೇ ಅರ್ಧ ತಾಸು. ಅವರದು ಅರಿಶಿಣದ ಭಂಡಾರ, ಇವರದು ವಿಭೂತಿ. ನಾವು ಬುದ್ಧನ ಮನೆಯವರು, ಆಣಿ ಗೀಣಿ ಹಾಕುವುದಿಲ್ಲ.

ನಾನಂದೆ. "ಆಣಿ ಬ್ಯಾಡ. ಸೆಟಪ್ ಬಾಕ್ಸ್ ಕಿತಗೊಂಡ ಬಂದು ಒಂದ ಕಡೆ ಇಡ್ರಿ. ಗೆದ್ದ ದಿನ ಒಯ್ಯೂದು."

"ಹಂಗಾದ್ರ ನಿಮ್ಮ ಮನ್ಯಾಗ ಇರ್ಲಿ ರಾಜಾರಾಮ ಸರ. ಪ್ರಾಸದಾಗ ಮಾತಾಡವರು ರೊಕ್ಕದಾಗ ತಪ್ಪಂಗಿಲ್ಲ." ಶಿವಶರಣಪ್ಪನೇ ಅಂದ.

ರಾತ್ರಿ ಊಟದ ಹೊತ್ತಿಗೆ ಎಲ್ಲ ಬಂದವು. ರಿಮೋಟ್ ಸಮೇತ. ಪ್ರತಿಯೊಂದಕ್ಕೂ ಪಟ್ಟಿ ಅಂಟಿಸಿ ಹೆಸರು ಬರೆದೆ, ದಿವಾನ ಮಂಚದ ಹೊಟ್ಟೆಯೊಳಗೆ ಜೋಡಿಸಿದೆ. ನಮ್ಮದು ಎಲ್ಲಕ್ಕೂ ಕೆಳಗೆ. ಅಲ್ಲಿದ್ದ ಚಾದರ, ಕೌದಿ ವಿಶಾಖಾ ತೆಗೆದು ಟ್ರಂಕಿನ ಮೇಲಿಟ್ಟಳು.

ಸೋಮವಾರ, 24

ಪೇಪರಿನಲ್ಲಿ ಬಂತು. ನಾಲ್ಕನೇ ಪುಟ, ಬೆರಳಗಲ. 'ಕೇಬಲ್ ದರ ಏರಿಕೆ: ವಿಶಿಷ್ಟ ಪ್ರತಿಭಟನೆ.' ನನ್ನ ಹೆಸರು, ನನ್ನ ಘೋಷಣೆ. ಆಫೀಸಿನಲ್ಲಿ ಜವಾನ ಮರೆಪ್ಪ ಅದನ್ನು ಕತ್ತರಿಸಿ ನೋಟಿಸ್ ಬೋರ್ಡಿಗೆ ಹಚ್ಚಿದ. ಪಕ್ಕದ ಲೇಔಟಿನವರು ಘೋಷಣೆ ಕೇಳಿಕೊಂಡು ಬಂದರು. ಹೊಸದೇ ಬರೆದುಕೊಟ್ಟೆ.

ಸಂಜೆ ಎಲ್ಲರ ಮನೆಯೂ ಸುಮ್ಮಗೆ. ಜನ ಹೊರಗೆ ಕೂತು ಮಾತಾಡುತ್ತಾರೆ. ಒಳ್ಳೆಯದೇ ಆಯಿತು ಅನ್ನುತ್ತಾರೆ. ಏಳೂವರೆಯ ಧಾರಾವಾಹಿ ಹೊತ್ತಿಗೆ ಎಲ್ಲರಿಗೂ ಒಮ್ಮೆಲೇ ಮಾತು ತೀರುತ್ತದೆ.

ಭಾನುವಾರ, ಮಾರ್ಚ್ 2

ಕಟ್ಟಲಿಲ್ಲವೆಂದು ಕಂಪನಿಯವರು ಮೂವತ್ತೇಳನ್ನೂ ಮೇಲಿಂದಲೇ ಬಂದ್ ಮಾಡಿದ್ದಾರೆ. ಈಗ ಬಾಕ್ಸ್ ಕೊಟ್ಟರೂ ರಿಚಾರ್ಜ್ ಇಲ್ಲದೆ ನಡೆಯವು. ಜನ ನನ್ನ ಮುಖ ನೋಡಿದರು. ಮಾತಾಡಿದೆ. ಒಂದು ತಾಸು. ಎರಡು ಕಡೆ ಪ್ರಾಸ ಕೂಡಲಿಲ್ಲ.

ಗುರುವಾರ, ಮಾರ್ಚ್ 6

ಮುಗಿಯಿತು. ದೊಡ್ಡವರು ರಾಜಿಯಾಗಿದ್ದಾರೆ. 'ಗ್ರಾಹಕರ ಹಿತಕ್ಕಾಗಿ' ಪ್ರಸಾರ ಮತ್ತೆ ಶುರು. ಅದೇ ಹಿತ. ಬಿಲ್ಲು ನಾನೂರಾ ಇಪ್ಪತ್ತು. ಅಂದರೆ ಮುನ್ನೂರೆಂಬತ್ತಕ್ಕೆ ಬಡಿದಾಡಿದವರು ನಾವು. ಅವರು ಕೈಕುಲುಕಿದ ಖರ್ಚೂ ನಮ್ಮದೇ. ಅಲ್ಲಿ ಸಂಬಂಧ, ಇಲ್ಲಿ ಜೇಬು ಬಂದ್.

ಬಟ್ಟೆ ಮಡಚುತ್ತ ವಿಶಾಖಾ ಅಂದಳು. "ಫೋನ್ ಬಂದಿತ್ರಿ. ಈ ಐತವಾರ ಸಂಜೀಕ ಏಳಕ್ಕ ಐತಂತ. ನಂದು."

"ಚಾನಲ್ ಬಂತು, ಛಲೋ ಆತು. ಆದ್ರ ರೇಟ್ ಇಳೀಲಾರದ ಬಾಕ್ಸ್ ತಗ್ಯಾಕ ಬರಂಗಿಲ್ಲ."

"ಹೂಂ" ಅಂದಳು. ನನ್ನ ಅಂಗಿ ಮಡಚಿಟ್ಟಳು.

ಶುಕ್ರವಾರ, 7

ಆಫೀಸಿನಿಂದ ಬರುವಾಗ ಸೊಲ್ಲಾಪುರ ರಸ್ತೆಯಲ್ಲಿ ಸಮದ್ ಕೈ ಮಾಡಿದ. ಅಂಗಡಿಯೊಳಗೆ ಕರೆದು ಕೂಡಿಸಿದ.

"ಸರ, ಅಕ್ಕಾವ್ರ ಹಾಡು ಐತಂತ ಐತವಾರ. ನಿಮ್ಮ ಮನೀದು ಒಂದ ಬಾಕ್ಸ್ ನಾ ಚಾಲೂ ಮಾಡ್ತೀನಿ. ರೊಕ್ಕ ಬ್ಯಾಡ್ರಿ. ಯಾರಿಗೂ ಹೇಳಂಗಿಲ್ಲ."

"ಮಾಡಿದ್ರ ಮೂವತ್ತೇಳೂ ಮಾಡು. ಇಲ್ಲಾ ಒಂದೂ ಬ್ಯಾಡ."

"ಹಠ ನನ್ನ ಮ್ಯಾಲೆ ಯಾಕ್ರಿ? ನಂದು ಏನೈತಿ ಇದ್ರಾಗ? ವಸೂಲಿ ನಿಂತು ಹುಡುಗೂರ ಫೀ ಕಟ್ಟಿಲ್ಲ."

"ಪ್ರಶ್ನಿ ರೊಕ್ಕದ್ದಲ್ಲೋ."

"ಅಲ್ರಿ, ಮತ್ತ ಯಾರದು?" ಅಂದ. ಎದ್ದು ಬಂದೆ. ಬರುವಾಗ ಎದೆ ಸ್ವಲ್ಪ ಉಬ್ಬಿತ್ತು. ಸುಳ್ಳು ಯಾಕೆ ಬರೆಯಲಿ.

ಮನೆಯಲ್ಲಿ ಹೇಳಿದೆ — ಸಮದ್ ಪುಕ್ಕಟೆ ಕೊಡುತ್ತೇನೆಂದ, ಬೇಡವೆಂದೆ. ವಿಶಾಖಾ ತಾಟು ಇಟ್ಟಳು. "ಕೈ ತೊಳಕೋರಿ, ಉಣ್ಣಾಕ ನೀಡತೀನಿ."

ಶನಿವಾರ, 8

ಮಧ್ಯಾಹ್ನ ಶಿವಶರಣಪ್ಪ ಬಂದ. ಕುಂದರಲಿಲ್ಲ.

"ಸರ, ನಮ್ಮ ಬಾಕ್ಸ್ ಕೊಡ್ರಿ."

"ಸಾವಕಾರ್ರ, ಆಣಿ ಮಾಡೂಣು ಅಂದವರು ನೀವು."

"ಆಣಿ ಎಲ್ಲಿ ಮಾಡಿದ್ವಿ? ಬಾಕ್ಸ್ ಇಟ್ವಿ. ಇಟ್ಟದ್ದ ಒಯ್ತೀನಿ. ನಮ್ಮಾಕಿ ಸೌಭಾಗ್ಯ ಕೇಳವಲ್ಲಳು. ನಾಳೆ ನೋಡಾಕಬೇಕಂತ."

"ನಾಳೆ ಏನೈತಿ?"

ನನ್ನ ಮುಖ ನೋಡಿದ. ಹುಚ್ಚನನ್ನು ನೋಡುವ ಹಾಗೆ. ಬಾಕ್ಸ್ ತಗೊಂಡು ಹೋದ.

ಆಮೇಲೆ ಸಾಲು. ಅತ್ತೆ ಬಂದಾಳ, ಮಗನ ಪರೀಕ್ಷಿ, ಕ್ರಿಕೆಟ್, ತಲಿಶೂಲಿ. ದಿವಾನದ ಮುಚ್ಚಳ ಎತ್ತಿ ಎತ್ತಿ ರಟ್ಟೆ ಸೋತಿತು. ಸಂಜೆಗೆ ಹನ್ನೆರಡು ಉಳಿದಿವೆ. ನಾಳೆ ಆರೂವರೆಗೆ ತುರ್ತು ಮೀಟಿಂಗ್ ಎಂದು ಗ್ರೂಪಿನಲ್ಲಿ ಹಾಕಿದೆ. ಮೂವತ್ತು ಮಂದಿ ನೋಡಿದ್ದಾರೆ ಎಂದು ತೋರಿಸುತ್ತದೆ. ಯಾರೂ ಏನೂ ಬರೆದಿಲ್ಲ.

ಭಾನುವಾರ, 9. ರಾತ್ರಿ ಒಂಬತ್ತು

ಬೆಳಿಗ್ಗೆ ಹನ್ನೊಂದು ಹೋದವು. ಉಳಿದದ್ದು ನಮ್ಮದೊಂದೇ.

ಆರಕ್ಕೆ ವಿಶಾಖಾ ಹೊಸ ಸೀರೆ ಉಟ್ಟಳು. "ಸೌಭಾಗ್ಯನ ಮನಿಗೆ ಹೊಂಟೀನ್ರಿ. ಎಲ್ಲಾರೂ ಅಲ್ಲೇ ಕೂಡ್ತಾರ." ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದಳು. "ನೀವು?"

"ಮೀಟಿಂಗ್ ಐತಲ್ಲ."

"ಹೌದಲಾ" ಅಂದಳು.

ಆರೂವರೆ. ಬೆಂಚಿನ ಮೇಲೆ ಒಬ್ಬನೇ. ಆರು ನಲವತ್ತೈದು. ಒಂದು ನಾಯಿ ಬಂತು, ಕೋರಂ ಇಲ್ಲವೆಂದು ಹೋಯಿತು. ಏಳಕ್ಕೆ ಎಲ್ಲ ಮನೆಗಳಿಂದ ಒಂದೇ ಸಂಗೀತ. ಏಳು ಇಪ್ಪತ್ತರ ಸುಮಾರಿಗೆ ಆಕೆಯ ದನಿ.

ಒಂದು ಮನೆಯ ಟೀವಿ ಮುಂದೆ, ಒಂದರದು ತುಸು ಹಿಂದೆ. ಒಂದೇ ಸಾಲು ಮೂರು ಮನೆಯಿಂದ ಒಂದರ ಹಿಂದೊಂದು ಬಂತು. ತವರು ಟಿಕೋಟಾದ ಬುದ್ಧವಿಹಾರದಲ್ಲಿ ಹುಣ್ಣಿಮೆ ಹುಣ್ಣಿಮೆಗೆ ಹಾಡುತ್ತಿದ್ದಳಂತೆ. ಮದುವೆ ಗಟ್ಟಿಯಾದಾಗ ಯಾರೋ ಹೇಳಿದ್ದರು. ಇಷ್ಟು ತುಂಬಿದ ದನಿ ಎಂದು ಗೊತ್ತಿರಲಿಲ್ಲ. ಇಪ್ಪತ್ತೊಂದು ವರ್ಷ ಇದೇ ದನಿ ನನ್ನನ್ನು 'ಉಣ್ಣಾಕ ಬರ್ರಿ' ಎಂದು ಕರೆದಿದೆ.

ಎದ್ದೆ. ಯಾರ ಮನೆಗೆ ಹೋಗಲಿ? ಎಲ್ಲರ ಬಾಕ್ಸ್ ಕಿತ್ತು ತರಿಸಿದವನು ನಾನೇ. ಶಿವಶರಣಪ್ಪನ ಬಾಗಿಲ ತನಕ ಹೋದೆ. ಒಳಗೆ ಹೆಂಗಸರು ತುಂಬಿದ್ದರು, ಚಪ್ಪಲಿ ರಾಶಿ. ಹಾಡು ಮುಗಿದು ನಿರೂಪಕಿ ಏನೋ ಕೇಳುತ್ತಿದ್ದಳು. ಯಾರಾದರೂ ಹೊರಗೆ ಬಂದು 'ಮೀಟಿಂಗ್ ಆತೇನ್ರಿ ಸರ' ಅಂದಾರು ಅನಿಸಿತು. ತಿರುಗಿ ಬಂದೆ.

ಎಂಟೂವರೆಗೆ, ವಿಶಾಖಾ ಬಂದು ಅಡಿಗೆ ಮನೆಗೆ ಹೋದ ಮೇಲೆ, ಆಮ್ರಪಾಲಿಯ ಫೋನ್. ಗೆಳತಿಯ ಮನೆಯಲ್ಲಿ ನೋಡಿದಳಂತೆ.

"ಅಪ್ಪಾ, ನೋಡಿದಿ?"

"ನೋಡಿದ್ನೆವಾ. ಭಾಳ ಛಂದ ಹಾಡ್ಯಾಳ."

"ನಿನಗ ಬ್ಯಾಸರ ಆಗಲಿಲ್ಲ?"

"ಬ್ಯಾಸರ ಯಾಕವಾ?"

"ಏನಿಲ್ಲ ಬಿಡಪಾ. ಅವ್ವಗ ಕೊಡು."

ಸೋಮವಾರ, 10. ಆಫೀಸಿನಲ್ಲೇ ಬರೆದದ್ದು

ಮರೆಪ್ಪ ಚಹ ತಂದ. ಟೇಬಲ್ ಒರೆಸುತ್ತ ನಿಂತ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

"ಅಕ್ಕಾವ್ರು ಏನ ಹಾಡಿದ್ರು ಅಂತೀರಿ ಸರ. ನಮ್ಮಾಕಿ ಅತ್ತಬಿಟ್ಲು."

"ಹಾಡಿಗೇನು?"

"ಹಾಡಿಗಲ್ರಿ. ಆಮ್ಯಾಲೆ ಮಾತಾಡಿದ್ದಕ್ಕ."

ನನಗೆ ಗೊತ್ತಿದೆ ಅನ್ನುವ ಹಾಗೆ ತಲೆಯಾಡಿಸಿದೆ. ಅವನಿಗೆ ಅಷ್ಟು ಸಾಕಾಯಿತು.

"ಆ ಹುಡುಗಿ ಕೇಳಿದ್ಲಲ್ರಿ, ಇಷ್ಟ ವರ್ಷ ಯಾಕ ಹಾಡಲಿಲ್ಲ, ಮನ್ಯಾಗ ಬ್ಯಾಡ ಅಂದ್ರೇನು ಅಂತ. ಅಕ್ಕಾವ್ರು ನಕ್ಕೋತ ಅಂದ್ರು — ಬ್ಯಾಡ ಅಂತ ಯಾರೂ ಅನ್ನಲಿಲ್ಲವಾ, ಹಾಡು ಅಂತನೂ ಯಾರೂ ಅನ್ನಲಿಲ್ಲ." ಬಟ್ಟೆ ಹಿಂಡಿದ. "ನಮ್ಮಾಕಿ ನನ್ನ ಕಡೆ ಹೊಳ್ಳಿ ನೋಡಿದ್ಲು ನೋಡ್ರಿ ಸರ... ನಾ ಚಾನಲ್ ಬದಲಿ ಮಾಡಿದೆ."

ಚಹ ಆರಿತು. ನೋಟಿಸ್ ಬೋರ್ಡಿನಲ್ಲಿ ನನ್ನ ಘೋಷಣೆ ಇನ್ನೂ ಇದೆ. ಬಬಲೇಶ್ವರಕ್ಕೆ ಗೊತ್ತು, ಟಿಕೋಟಾಕ್ಕೆ ಗೊತ್ತು, ಮೂವತ್ತಾರು ಮನೆಗೆ ಗೊತ್ತು. ನಾನೂರಾ ಇಪ್ಪತ್ತು ಕಟ್ಟಿದವರಿಗೆಲ್ಲ ಗೊತ್ತು.

ಬ್ಯಾಡ ಅನ್ನಲಿಲ್ಲ — ಅದು ಖರೆ. ಅಷ್ಟನ್ನೇ ಹಿಡಿದುಕೊಂಡು ಸಂಜೆ ತನಕ ಕೂತೆ.

ಬುಧವಾರ, 12. ಸಂಜೆ

ನಿನ್ನೆ ಬರೆಯಲಿಲ್ಲ. ಸಮದ್‌ಗೆ ನಾನೂರಾ ಇಪ್ಪತ್ತು ಕೊಟ್ಟು ಬಾಕ್ಸ್ ಚಾಲೂ ಮಾಡಿಸಿದೆ. ಅವನು ರಸೀದಿ ಕೊಟ್ಟ. ನೂರಾ ಹದಿನೇಳರಲ್ಲಿ ಈಗ ಸೋಪಿನ ಜಾಹೀರಾತು ಬಹಳ ಸ್ವಚ್ಛವಾಗಿ ಕಾಣುತ್ತದೆ.

ಇವತ್ತು ಬಂದವನೇ ಅಡಿಗೆ ಮನೆಗೆ ಹೋದೆ. ವಿಶಾಖಾ ಅವಸರದಲ್ಲಿದ್ದಳು. ಪಲ್ಲೆ ಮುಚ್ಚಿಡುತ್ತಿದ್ದಳು.

"ಟೀವ್ಯಾಗ ಏನೋ ಅಂದ್ಯಂತಲ್ಲ."

"ನೀವು ನೋಡೀರಲ್ರಿ. ಆಮ್ರಪಾಲಿಗೆ ಹಂಗ ಹೇಳೀರಂತ."

ಆಕೆ ಕೈ ಒರೆಸಿಕೊಂಡಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ಒಂದು... ಹಾಡು ಅಂತ ಅನ್ನಾಕ ಬಂದಿದ್ದೆ."

"ಈಗೇನ್ರಿ? ಸೌಭಾಗ್ಯನ ಮನ್ಯಾಗ ಕರದಾರ, ಹಾಡಾಕನ. ಬುಧವಾರ ಬುಧವಾರ ಕೂಡೂದಂತ ಮಾಡ್ಯಾರ."

"ನಾನೂ ಬರ್ಲಿ?"

"ಹೆಂಗಸರಷ್ಟ ಇರ್ತೇವ್ರಿ. ರೊಟ್ಟಿ ಬುಟ್ಟ್ಯಾಗ ಅದಾವ, ಹಾಕ್ಕೊಂಡ ಉಣ್ರಿ."

ಹೋದಳು. ಟೀವಿ ಬಂದ್ ಮಾಡಿ ದಿವಾನದ ಮೇಲೆ ಕೂತಿದ್ದೇನೆ. ನಾಲ್ಕನೇ ಮನೆ, ದೂರವೇನಲ್ಲ. ಮೊದಲು ನಗು. ಈಗ ಶುರುವಾಗಿದೆ. ದನಿ ಬರುತ್ತಿದೆ, ಮಾತು ಹಿಡಿಯುವುದಕ್ಕಾಗುತ್ತಿಲ್ಲ. ಕಿಟಕಿ ತೆಗೆದೆ. ಎರಡನೇ ನುಡಿ ಇರಬೇಕು. ಯಾರದೋ ಹೆಸರು ಹಾಕಿ ಕೇಳುತ್ತಿದ್ದಾಳೆ, 'ನೀ ಯಾಕ...' ಮುಂದಿನದು ಕೇಳಿಸಲಿಲ್ಲ.